ಎಡಗೈಯ ಚೆಂಡು

ಇವತ್ತು ಬೆಳಿಗ್ಗೆ ಮಗಳು ನನಗೆ ಎಡಗೈಯಲ್ಲಿ ಕಾಫಿ ಲೋಟ ಚಾಚಿದಳು. ಬಲಗೈ ಲ್ಯಾಪ್‌ಟಾಪಿನ ಮೇಲಿತ್ತು, ಕಣ್ಣೂ ಅಲ್ಲೇ. ನನಗೆ ಚುರುಕ್ ಎಂದಿತು. "ಬಲಗೈಲಿ ಕೊಡು" ಎನ್ನಲು ಬಾಯಿ ತೆರೆದವನು ಹಾಗೇ ನಿಂತೆ. ನಗಬೇಡಿ, ಆ ಲೋಟದ ಜಾಗದಲ್ಲಿ ನನಗೆ ಸವೆದ ಟೆನ್ನಿಸ್ ಚೆಂಡೊಂದು ಕಂಡಿತು, ಚೆಂಡಿನ ಹಿಂದೆ ಮಲ್ಲಪ್ಪನವರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್‌ನ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿ. ಮೇಟಗಳ್ಳಿಯ ಒಂದು ಕಾರ್ಖಾನೆಯ ಉಗ್ರಾಣಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆವು. ಮಲ್ಲಪ್ಪನವರು ನಮ್ಮ ಮುಖ್ಯಸ್ಥರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತ ಛಲಗಾರರು. ನಮಗೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವರು ಅವರೇ. ಅವರು ಒಳಗೆ ಬಂದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ನಾವು ಏನು ಬರೆದರೂ ಅವರು ಕಣ್ಣಾಡಿಸದೆ ಮುಂದೆ ಹೋಗುವಂತಿರಲಿಲ್ಲ. ಹಾಗಾಗಿ ಎಲ್ಲವೂ ಅವರ ಹತ್ತಿರ ರಾಶಿ ಬೀಳುತ್ತಿತ್ತು.

ಕಾರ್ಖಾನೆಯವರ ತಾಳ್ಮೆ ಮುಗಿದಿತ್ತು. ನಮ್ಮ ಕಂಪನಿಯ ಮಾಲೀಕರು ಒಂದು ದಿನ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, "ಇನ್ನೊಂದು ಸಲ ತಡ ಆದ್ರೆ ಮಲ್ಲಪ್ಪನವರನ್ನ ಮನೆಗೆ ಕಳಿಸ್ಬೇಕಾಗುತ್ತೆ ಕಣ್ರೀ. ಯಾರಿಗೂ ಹೇಳ್ಬೇಡಿ" ಎಂದರು. ಗುಟ್ಟು ಅರಗಿಸಿಕೊಳ್ಳುವ ಹೊಟ್ಟೆ ನನ್ನದಲ್ಲ. ಅವತ್ತಿನಿಂದ ಊಟ ಸೇರಲಿಲ್ಲ.

ಕೊನೆಯ ಪ್ರಯತ್ನವೆಂದು ಮಾಲೀಕರು ತರಬೇತಿ ಏರ್ಪಡಿಸಿದರು. ಅಜೈಲ್ ಎಂಬ ಹೊಸ ಪದ್ಧತಿಯಂತೆ: ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಮುಗಿಸಿ ತೋರಿಸುವುದು, ಎಡವಿದ್ದನ್ನು ಅಲ್ಲಲ್ಲೇ ತಿದ್ದಿಕೊಳ್ಳುವುದು. ನಾವು ದಪ್ಪ ದಪ್ಪ ಪುಸ್ತಕ ಬರುತ್ತದೆಂದು ಹೆದರಿದ್ದರೆ, ಬಂದದ್ದು ಮಂಡಕಳ್ಳಿ ಕಡೆಯ ಸುಮಿತ್ರಾ ಎಂಬ ಹೆಣ್ಣುಮಗಳು, ಕೈಯಲ್ಲಿ ಒಂದು ಬುಟ್ಟಿ ಹಳೇ ಚೆಂಡು.

"ದೂರ ದೂರ ನಿಂತ್ಕೊಳಿ. ಬುಟ್ಟಿಲಿರೋ ಚೆಂಡು ಎಲ್ಲರ ಕೈಗೂ ಹೋಗಿ ವಾಪಸ್ ಬುಟ್ಟಿಗೆ ಬರ್ಬೇಕು. ಎರಡೇ ನಿಮಿಷ. ಆಮೇಲೆ ಮಾತಾಡ್ಕೊಂಡು, ಇನ್ನೂ ಬೇಗ ಎಂಗೆ ಅಂತ ನೋಡಣ" ಎಂದಳು.

ಮಾಲೀಕರು ಮೂಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ನಾವು ಸುತ್ತ ನಿಂತೆವು. ನನ್ನ ಗ್ರಹಚಾರ, ನಾನು ಚೆಂಡು ಕೊಡಬೇಕಾದದ್ದು ಮಲ್ಲಪ್ಪನವರಿಗೇ.

ನಮ್ಮವರ ಸಂಸ್ಕಾರ ನೋಡಿ. ಎಸೆದರೆ ಮುಗಿಯಿತಲ್ಲ? ಇಲ್ಲ. ಎಡಗೈಗೆ ಬಂದ ಚೆಂಡನ್ನು ಬಲಗೈಗೆ ದಾಟಿಸಿಕೊಂಡು, ಒಂದು ಹೆಜ್ಜೆ ಮುಂದಿಟ್ಟು, ತಾಂಬೂಲದಂತೆ ಕೊಡುತ್ತಿದ್ದರು. ನಾನಂತೂ ಮಲ್ಲಪ್ಪನವರಿಗೆ ಕೊಂಚ ಬಾಗಿ ಎರಡೂ ಕೈಯಲ್ಲಿ ಕೊಟ್ಟೆ. ಅವರು ಪ್ರತಿ ಚೆಂಡನ್ನೂ ಒಮ್ಮೆ ತಿರುಗಿಸಿ ನೋಡಿಯೇ ಮುಂದೆ ಸಾಗಿಸುತ್ತಿದ್ದರು. ಚೆಂಡಿನಲ್ಲಿ ತಪ್ಪು ಹುಡುಕುವುದೇನಿದೆ? ಅಭ್ಯಾಸ. ಅಷ್ಟರಲ್ಲಿ ನಾನು ಎದೆಗವಚಿಕೊಂಡಿದ್ದ ಚೆಂಡುಗಳು ಹೆಚ್ಚಾಗಿ ನೆಲಕ್ಕೆ ಉರುಳತೊಡಗಿದವು. ಎರಡನೆಯ ಸುತ್ತಿನಲ್ಲೂ ಅದೇ ಪಾಡು.

"ಚೆಂಡು ಎಲ್ಲಿ ನಿಂತೋಗ್ತಾ ಅದೆ?" ಎಂದು ಕೇಳಿದಳು ಸುಮಿತ್ರಾ.

ಎಲ್ಲರೂ ನನ್ನನ್ನೇ ನೋಡಿದರು. ನಿಜ ಎಲ್ಲರಿಗೂ ಗೊತ್ತಿತ್ತು; ಹೇಳುವವರು ಯಾರು? ಕೆಳಗೆ ಟ್ಯುಟೋರಿಯಲ್‌ನ ಮೇಷ್ಟ್ರು ಪಾಠ ಮಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಮಾಲೀಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ನನ್ನ ಹತ್ತಿರವೇ ಎಂದುಬಿಡೋಣ, ಇವತ್ತಿಗೆ ಮಲ್ಲಪ್ಪನವರು ಉಳಿಯಲಿ ಎಂದು ಬಾಯಿ ತೆರೆದೆ.

"ಅವನತ್ರ ಅಲ್ಲ ಕಣಮ್ಮ" ಎಂದರು ಮಲ್ಲಪ್ಪನವರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ. "ನನ್ನತ್ರ."

ಅವರು ಮಾಲೀಕರ ಕಡೆ ನೋಡಲೂ ಇಲ್ಲ. ಕನ್ನಡಕ ಏರಿಸಿ ನಮ್ಮತ್ತ ತಿರುಗಿ, "ಎಡಗೈಯೋ ಬಲಗೈಯೋ, ಬಂದ ಕೈಲೇ ಎಸೀರಯ್ಯ. ನಂಗೂ ಅಷ್ಟೇ. ನಾನಿನ್ನು ತಿರುಗ್ಸಿ ನೋಡಲ್ಲ" ಎಂದರು.

ಮೂರನೆಯ ಸುತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಅವರತ್ತ ಎಡಗೈಯಲ್ಲಿ ಎಸೆದೆ. ಚೆಂಡು ನೆಟ್ಟಗೆ ಹೋಗಿ ಅವರ ಹಣೆಗೆ ಬಡಿಯಿತು. ವಿಭೂತಿ ಅಳಿಸಿ ಚೆಂಡಿಗೆ ಮೆತ್ತಿಕೊಂಡಿತು. ಮುಂದಿನ ಚೆಂಡು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಯಾಕೋ ನಿಂತ್ಬುಟ್ಟೆ? ಇನ್ನೊಂದು ಎಸಿ, ಟೈಮ್ ಓಡ್ತಾ ಇದೆ!" ಎಂದು ಗದರಿದರು.

ಆಮೇಲೆ ಚೆಂಡುಗಳು ಹರಿದ ರಭಸಕ್ಕೆ ಮಾಲೀಕರೇ ಕುರ್ಚಿಯಿಂದ ಎದ್ದು, ಉರುಳಿದ್ದನ್ನು ಹೆಕ್ಕಿ ಕೊಡುವಂತಾಯಿತು.

ಮುಂದಿನ ವಾರ ಮಲ್ಲಪ್ಪನವರು ತಮ್ಮ ಮೇಜನ್ನು ನಮ್ಮ ನಡುವೆ ಹಾಕಿಸಿಕೊಂಡರು. ಒಬ್ಬರು ಬರೆದದ್ದನ್ನು ಪಕ್ಕದವರೇ ನೋಡಿ ಮುಂದೆ ಕಳಿಸುವ ರೂಢಿ ಬಂತು. ಕಾರ್ಖಾನೆಯ ಕೆಲಸ ಉಳಿಯಿತು, ಅವರೂ ಉಳಿದರು. ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಒಂದು ಮಧ್ಯಾಹ್ನ ಅವರು ಊಟ ಮುಗಿಸಿ ಬಂದಾಗ ನಾವೆಲ್ಲ ಕೆಲಸದಲ್ಲಿ ಮುಳುಗಿದ್ದೆವು. ಯಾರೂ ಏಳಲಿಲ್ಲ. ಅವರು ಬಾಗಿಲಲ್ಲಿ ಒಂದು ಕ್ಷಣ ನಿಂತರು. ನೋಡಿದವನು ನಾನೊಬ್ಬನೇ, ಅರ್ಧ ಎದ್ದೆ. ಕೂತ್ಕೋ ಎಂದು ಕೈಸನ್ನೆ ಮಾಡಿ, ಸದ್ದಾಗದಂತೆ ಕುರ್ಚಿ ಎಳೆದುಕೊಂಡು ಕುಳಿತರು. ನನಗೆ ತುಂಬ ಸಂಕಟವಾಯಿತು. ಅವರಿಗೆ ಏನನ್ನಿಸಿತೋ, ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

"ಅಪ್ಪಾ, ತಗೋ, ಆರೋಗುತ್ತೆ" ಎಂದಳು ಮಗಳು, ಪರದೆಯಿಂದ ಕಣ್ಣು ಕೀಳದೆ. ಅವಳ ಎಡಗೈ ಇನ್ನೂ ಚಾಚಿಯೇ ಇತ್ತು. ನಾನು ಕೊಂಚ ಬಾಗಿ, ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡೆ.