ಏನೂ ಮಾಡದೆ ಉಂಡವರು

ಮೂವತ್ತರ ದಶಕದಲ್ಲಿ ನಾನು ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದೆ. ಬೆಳಗಿನ ಶಾಲೆ ಹತ್ತೂವರೆಗೆ ಬಿಡುತ್ತಿತ್ತು. ಹನ್ನೊಂದಕ್ಕೆ ಸರಿಯಾಗಿ ನಾನು ಊರ ಛತ್ರದ ಜಗಲಿಯಲ್ಲಿರುತ್ತಿದ್ದೆ. ಹಸಿದು ಬಂದವರಿಗೆ ಅಲ್ಲಿ ಮಧ್ಯಾಹ್ನದ ಊಟ. ಫಸಲಿನ ಧಾರಣೆ ಬಿದ್ದುಹೋದ ವರ್ಷಗಳವು. ಅಕ್ಕಿ ಕಳಿಸುತ್ತಿದ್ದ ಮಂಡಿಯವರು ಕೈ ಬಿಗಿಹಿಡಿದರು. ಉಣ್ಣುವವರು ಮಾತ್ರ ಹೆಚ್ಚಿದರು. ಉಳಿದದ್ದು ಸರ್ಕಾರ ಧರ್ಮಕ್ಕೆಂದು ಕೊಡುತ್ತಿದ್ದ ತಸ್ತೀಕಿನ ಹಣ ಒಂದೇ. ಅದು ಮುಂದುವರಿಯಬೇಕಾದರೆ ಉಂಡವರ ಹೆಸರು, ಊರು ಬರೆದಿಡಬೇಕೆಂದು ಹೊನ್ನಾಳಿಯ ತಾಲ್ಲೂಕು ಕಚೇರಿಯಿಂದ ಹುಕುಂ ಬಂತು. ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು.

ಮೊದಲ ದಿನ ನಾನು ಪುಸ್ತಕ ಬಿಚ್ಚಿ ಕೂತದ್ದನ್ನು ಕಂಡು ಅರ್ಧ ಜನ ಬಾಗಿಲಿನಿಂದಲೇ ಹಿಂತಿರುಗಿದರು.

"ಪುಕ್ಕಟೆ ಉಂಡೆ ಅಂತ ಹೆಸರು ಬರೆಸಾಕೆ ಯಾರು ಬರ್ತಾರ್ರೀ, ಮೇಷ್ಟ್ರೇ?" ಅಡುಗೆಯ ಅಜ್ಜಿ ಗದರಿದಳು. "ನೀವಾದ್ರೆ ಬರೆಸ್ತಿದ್ರಾ?"

ಆಮೇಲೆ ನನಗೊಂದು ಕುತೂಹಲ ಹತ್ತಿತು. ಬಂದವರಲ್ಲಿ ಹೆಚ್ಚಿನವರು ನೇರ ಪಂಕ್ತಿಗೆ ಕೂರುತ್ತಿರಲಿಲ್ಲ. ಒಬ್ಬ ನೀರು ಸೇದುವನು, ಒಬ್ಬಳು ಮುತ್ತುಗದ ಎಲೆ ಹಚ್ಚುವಳು. ಯಾರೂ ಹೇಳಿದ್ದಲ್ಲ. ಹೆಸರಿನ ಬದಲು ಅದನ್ನೇ ಬರೆಯತೊಡಗಿದೆ: 'ಸೌದೆ ಒಡೆದವನು, ಒಬ್ಬ.' ಹೋದವರು ಮರಳಿ ಬಂದರು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ತನಿಖೆಗೆ ಬಂದ ಶೇಕದಾರರು ಒಂದು ಪುಟ ಓದಿ ಹುಬ್ಬೇರಿಸಿದರು.

"ಹೆಸರಿಲ್ಲ ಅನ್ನೋದು ಹಾಗಿರಲಿ, ಇದು ಕೂಲಿ ಆಯ್ತಲ್ರೀ! ಧರ್ಮದ ತಸ್ತೀಕು ಕೂಲಿಯವರ ಊಟಕ್ಕೆ ಸಲ್ಲೋದಿಲ್ಲ."

ಛತ್ರದ ಒಲೆಯನ್ನು ನನ್ನ ಪುಸ್ತಕವೇ ಆರಿಸುವಂತಿತ್ತು.

ಅಜ್ಜಿ ಸೌಟು ಹಿಡಿದೇ ಹೊರಗೆ ಬಂದಳು. "ಕೂಲಿ ಅಂದ್ರೆ, ದುಡೀದೇ ಇದ್ದೋರಿಗೆ ಕೂಳಿಲ್ಲ ಅಂತ ಅಲ್ಲೇನ್ರೀ ಸ್ವಾಮಿ? ಮೇಷ್ಟ್ರೇ, ಕೊನೇ ಸಾಲು ಓದ್ರಿ."

ಒಂದನ್ನೂ ಬಿಡದೆ ಬರೆಯುವುದು ನನ್ನ ಅಭ್ಯಾಸ. ಓದಿದೆ: "ಏನೂ ಮಾಡದೆ ಉಂಡವರು, ಏಳು ಮಂದಿ."

ಶೇಕದಾರರು ಒಳಗೆ ಇಣುಕಿದರು. ಕಣ್ಣು ಕಾಣದ ಒಬ್ಬ ಮುದುಕ, ಹಸುಗೂಸಿನ ಬಾಣಂತಿ, ಜ್ವರ ಬಿಟ್ಟೆದ್ದ ದಾರಿಹೋಕರು ಆಗಲೇ ಉಣ್ಣುತ್ತಿದ್ದರು.

"ಇವರಿಗೂ ಅಷ್ಟೇ ಅನ್ನವೋ?"

"ಅಷ್ಟೇರೀ. ಆದ್ರೆ ಇವರಿಗೆ ಮೊದ್ಲು."

ಶೇಕದಾರರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಆ ಸಾಲಿನ ಕೆಳಗೆ ರುಜು ಹಾಕಿ ಹೋದರು. ತಸ್ತೀಕು ನಿಲ್ಲಲಿಲ್ಲ.

ಮರುದಿನ ಆ ಮುದುಕ ತಡವರಿಸುತ್ತ ಬಂದು ತನಗೂ ಎಲೆ ಹಚ್ಚಲು ಕಡ್ಡಿ ಕೊಡಿರೆಂದ. ಅಜ್ಜಿ ಕಡ್ಡಿಯ ಕಟ್ಟನ್ನು ದೂರ ಸರಿಸಿದಳು.

"ಸುಮ್ನೆ ಕುಂತ್ಕೋ ಮಾರಾಯ! ನಿನ್ನಿಂದಾನೇ ಒಲೆ ಉರೀತೈತೆ."