ಬಿಳಿ ಉಗುರಿನ ಮೇಸ್ತ್ರಿ

ಮೇಸ್ತ್ರಿಯ ಹತ್ತು ಬೆರಳುಗಳಲ್ಲಿ ಒಂಬತ್ತರ ಉಗುರು ಕಪ್ಪು. ಎಡಗೈ ಕಿರುಬೆರಳಿನದೊಂದು ಮಾತ್ರ ತೊಳೆದ ಅಕ್ಕಿಕಾಳಿನಷ್ಟು ಬಿಳಿ. ಅದನ್ನು ದಿನವೂ ನಿಂಬೆಹೋಳಿನಿಂದ ಉಜ್ಜಿ ಇಟ್ಟುಕೊಳ್ಳುತ್ತಿದ್ದರು. ಶೋಕಿಗಲ್ಲ. ನಮ್ಮ ಹಳೇ ಲಾರಿಯ ಬಾನೆಟ್ ಎತ್ತಿ, ಆಯಿಲ್ ಗೇಜಿನ ಕಡ್ಡಿ ಹಿರಿದು, ಅದರ ತುದಿಯ ಒಂದು ತೊಟ್ಟನ್ನು ಆ ಉಗುರಿನ ಮೇಲೆ ಇಳಿಸಿ ಬಿಸಿಲಿಗೆ ಓರೆ ಮಾಡಿ ನೋಡುತ್ತಿದ್ದರು. ಎಣ್ಣೆಯಲ್ಲಿ ಲೋಹದ ಪುಡಿಯಿದ್ದರೆ ಅಲ್ಲಿ ಸಣ್ಣಗೆ ಮಿಣುಕುತ್ತಿತ್ತು.

"ಎಂಜಿನ್ನು ಬಾಯ್ಬುಡಾಕಿಲ್ಲ ಅಮ್ಮಾವ್ರೆ. ಒಳಗೆ ಏನು ಸವೀತಾ ಅದೆ ಅಂತ ಎಣ್ಣೆನೇ ಏಳ್ಬೇಕು" ಎನ್ನುತ್ತಿದ್ದರು.

ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪ್ರತಿ ಸೋಮವಾರ ಸಿಸ್ಟರ್ ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಕೊಳೆ ಕಂಡರೆ ಸ್ಕೇಲಿನ ಅಂಚಿನಿಂದ ಒಂದು ಏಟು. ಅಲ್ಲಿಂದ ಹೊಳೆನರಸೀಪುರದ ಈ ಮನೆಗೆ ಸೊಸೆಯಾಗಿ ಬಂದೆ. ಇಲ್ಲಿ ಅಂಗಳದಲ್ಲೊಂದು ಲಾರಿ. ಹಾಸನದ ಆಲೂಗೆಡ್ಡೆ, ಚನ್ನರಾಯಪಟ್ಟಣದ ತೆಂಗಿನಕಾಯಿ, ಸೀಸನ್ನಿನಲ್ಲಿ ರಾಮನಾಥಪುರದ ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು. ಲಾರಿ ಹಳೆಯದಾದಷ್ಟೂ ನಮ್ಮ ಯಜಮಾನರಿಗೆ ಅದರ ಮೇಲೆ ಪ್ರೀತಿ ಜಾಸ್ತಿ, ಮಾರುವ ಮಾತೆತ್ತಿದರೆ ಊಟ ಬಿಡುತ್ತಿದ್ದರು. ಆ ಎಂಜಿನ್ನಿನ ಜೀವ ಮೇಸ್ತ್ರಿಯ ಕೈಯಲ್ಲಿತ್ತು.

ಕೆಲವು ವರ್ಷಗಳ ಹಿಂದೆ ಹಾಸನದ ಆಯಿಲ್ ಏಜೆಂಟರು ಹೊಸದೊಂದು ಅನುಕೂಲ ತಂದರು. ಎಂಜಿನ್ ಆಯಿಲಿನ ಸ್ಯಾಂಪಲ್ ತುಂಬಿ ಕೊಟ್ಟರೆ ಲ್ಯಾಬಿಗೆ ಕಳಿಸಿ, ಯಾವ ಲೋಹ ಎಷ್ಟು ಸವೆದು ಎಣ್ಣೆಗೆ ಬಂದಿದೆ ಎಂದು ಟೆಸ್ಟ್ ಮಾಡಿಸುತ್ತಿದ್ದರು. ಬೇರೆ ಮೇಸ್ತ್ರಿಗಳು ನಕ್ಕರು. ನಮ್ಮ ಮೇಸ್ತ್ರಿ ಮಾತ್ರ ಮಗುವಿನ ಹಾಗೆ ಹಿಗ್ಗಿದರು. ಅವರಿಗೆ ಓದು ಬಾರದು. ರಿಪೋರ್ಟು ನನ್ನ ವಾಟ್ಸಾಪಿಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಾನು ಜಗಲಿಯಲ್ಲಿ ಕೂತು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಐರನ್, ಫಾರ್ಟಿ ಟೂ."

"ಓದ್ ದಪ ಮೂವತ್ತೊಂಬತ್ತಿತ್ತು. ವಯಸ್ಸಾಗ್ಯದೆ, ಸವೀತದೆ, ಪರವಾಗಿಲ್ಲ. ಧೂಳು ಎಷ್ಟದೆ?"

"ಸಿಲಿಕಾನ್..."

"ಅಮ್ಮಾವ್ರು ಓದುದ್ರೆ ಧೂಳೂ ದೊರೆಸಾನಿ ಆಯ್ತದೆ!"

ಕಬ್ಬಿಣ ಏರಿದರೆ ಸಿಲಿಂಡರಿನ ಲೈನರ್ ಸವೆಯುತ್ತಿದೆ, ತಾಮ್ರ ಸೀಸ ಏರಿದರೆ ಬೇರಿಂಗ್ ಎಂದು ನನಗೆ ಕಲಿಸಿದವರು ಅವರೇ. "ಒಂದು ರಿಪೋಲ್ಟ್ ನಂಬಬ್ಯಾಡಿ. ಮೂರನ್ನ ಪಕ್ಕಪಕ್ಕ ಮಡಗಿ ನೋಡಿ" ಎನ್ನುವರು. ಹಾಗೆ ನೋಡಿಯೇ ಒಮ್ಮೆ, ಸದ್ದೇ ಮಾಡದಿದ್ದ ಎಂಜಿನ್ನಿನ ತಳ ಬಿಚ್ಚಿ, ತಾಮ್ರ ಕಾಣುವಷ್ಟು ಸವೆದ ಬೇರಿಂಗನ್ನು ಯಜಮಾನರ ಅಂಗೈಗೆ ಇಟ್ಟಿದ್ದರು. ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣದ ಲಾರಿ ಮಾಲೀಕರೂ ಅವರ ಶೆಡ್ಡಿಗೆ ಹುಡುಕಿಕೊಂಡು ಬಂದರು. ಎಣ್ಣೆ ನೋಡಿ ಹೇಳುವ ಮೇಸ್ತ್ರಿ ಎಂದು ಹೆಸರಾಯಿತು. ಅವರ ಆಸ್ತಿ ಎಂದರೆ ಆ ಹೆಸರೊಂದೇ.

ಅದನ್ನು ಕಳೆದವಳು ನಾನು.

ಆ ವರ್ಷ ಹೊಗೆಸೊಪ್ಪಿನ ಹರಾಜು ಶುರುವಾಗುವ ಮುಂಚೆ ಮೇಸ್ತ್ರಿ ಎರಡು ಹೊಸ ಬಾಟಲಿ ತಂದು, ಲೇಬಲ್ ಬರೆದಿಡಿ ಎಂದು ನನ್ನ ಕೈಗೆ ಕೊಟ್ಟು ಹೋದರು. ಮಂದ ಬಿಳಿಯ ಪ್ಲಾಸ್ಟಿಕ್ ಬಾಟಲಿ. ಮುಚ್ಚಳ ತೆರೆಯಬೇಡಿ, ಒಳಕ್ಕೆ ಗಾಳಿಯೂ ಹೋಗಬಾರದು ಎಂದು ಯಾವಾಗಲೂ ಹೇಳುತ್ತಿದ್ದರು. ಆದರೆ ಎರಡರ ಮೇಲೂ ಅವರ ಹೆಬ್ಬೆಟ್ಟಿನ ಕಪ್ಪು ಗುರುತು. ಲ್ಯಾಬಿನಲ್ಲಿ ಯಾರೋ ಓದಿದವರು ಕೈಗೆತ್ತಿಕೊಳ್ಳುತ್ತಾರೆ, ನನ್ನ ಇಂಗ್ಲಿಷ್ ಹ್ಯಾಂಡ್‌ರೈಟಿಂಗಿನ ಪಕ್ಕದಲ್ಲೇ ಇಂಥ ಕೊಳೆಯೇ ಅನ್ನಿಸಿತು. ಹಿತ್ತಿಲಿಗೆ ಒಯ್ದು, ಹಂಡೆ ಒಲೆಯ ಬೂದಿ, ತೆಂಗಿನ ನಾರು ಹಾಕಿ ಹೊರಗೆ ಉಜ್ಜಿದೆ. ಕೈ ಅಲ್ಲಿಗೆ ನಿಲ್ಲಲಿಲ್ಲ. ಮುಚ್ಚಳ ತೆಗೆದು ಒಳಗೂ ಬೂದಿನೀರು ಕುಲುಕಿ ಚೆಲ್ಲಿ, ಒಣಗುವ ಮುಂಚೆಯೇ ಮುಚ್ಚಳ ಹಾಕಿದೆ. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಎಂಜಿನ್ ಕಾಯಿಸಿ, ಒಂದು ಬಾಟಲಿಗೆ ಬಿಸಿ ಎಣ್ಣೆ ತುಂಬಿ ಕಳಿಸಿದರು.

ರಿಪೋರ್ಟು ಬಂತು. ಎಣ್ಣೆಯಲ್ಲಿ ನೀರಿದೆ, ಸಿಲಿಕಾನ್ ಹೆಚ್ಚಿದೆ, ಪೊಟ್ಯಾಸಿಯಂ ವಿಪರೀತವಾಗಿದೆ. ರೇಡಿಯೇಟರಿನ ಕೂಲೆಂಟ್ ಎಂಜಿನ್ನಿನೊಳಕ್ಕೆ ಸೋರುತ್ತಿರಬಹುದು, ಬಿಚ್ಚಿ ನೋಡಿ.

ಪೊಟ್ಯಾಸಿಯಂ ಎಂದು ಓದುವಾಗಲೇ ನನಗೆ ಗೊತ್ತಾಯಿತು. ಬೂದಿಯಲ್ಲಿ ಏನಿರುತ್ತದೆಂದು ಕೆಮಿಸ್ಟ್ರಿ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದವಳು ನಾನು.

ಮೇಸ್ತ್ರಿ ಕಣ್ಣು ತೆರೆದರು. "ಕಬ್ಣ ಏರಿಲ್ಲ, ತಾಮ್ರ ಏರಿಲ್ಲ. ಇವು ಮಾತ್ರ ಎಂಗೆ ಏರುದ್ವು? ಅಮ್ಮಾವ್ರೆ, ಶೀಸೆಗೆ ಏನಾರ ನೀರುಗೀರು ತಾಕಿತ್ತಾ?"

ಯಜಮಾನರು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು. "ಇಲ್ಲ ಮೇಸ್ತ್ರಿ, ನೀವು ಕೊಟ್ಟ ಹಾಗೇ ಇತ್ತು" ಎಂದೆ.

"ನೀವು ಏಳುದ್ರೆ ಮುಗೀತು" ಎಂದು ಎದ್ದರು. ಇನ್ನೊಂದು ಸ್ಯಾಂಪಲ್ ಕಳಿಸುವ ಮಾತನ್ನೂ ಅಲ್ಲಿಗೇ ಬಿಟ್ಟರು.

ಮೂರು ದಿನ ಅಂಗಳದಲ್ಲಿ ಎಂಜಿನ್ ಬಿಚ್ಚಿ ಬಿದ್ದಿತ್ತು. ಹೆಡ್ಡಿನಲ್ಲಿ ಬಿರುಕಿಲ್ಲ, ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಯಿಲ್ಲ, ಎಲ್ಲವೂ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ರಾಮನಾಥಪುರದ ಲೋಡು ಬೇರೆ ಲಾರಿಗೆ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಮೇಸ್ತ್ರಿ ಕೈ ತೊಳೆಯಲು ಹಿತ್ತಿಲ ನಲ್ಲಿಗೆ ಬಂದರು. ಒಗೆಯುವ ಕಲ್ಲಿನ ಮೇಲೆ ಬೂದಿ, ನಾರು, ತೊಳೆದು ಬೋರಲು ಹಾಕಿದ ಲೋಟಗಳು. ಅವುಗಳ ಪಕ್ಕದಲ್ಲಿ ಆ ಎರಡನೆಯ ಬಾಟಲಿ. ಅದನ್ನು ಎತ್ತಿಡಲು ಮರೆತಿದ್ದೆ. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಮೇಸ್ತ್ರಿ ನಲ್ಲಿ ತಿರುಗಿಸದೆ ಸುಮಾರು ಹೊತ್ತು ನಿಂತೇ ಇದ್ದರು. ನಾನು ಬಾಗಿಲ ಹಿಂದಕ್ಕೆ ಸರಿದೆ. ಆಮೇಲೆ ನೋಡಿದರೆ ಬಾಟಲಿ ಇರಲಿಲ್ಲ. ಕೋತಿ ಎತ್ತಿಕೊಂಡು ಹೋಗಿರಬೇಕೆಂದು ನನಗೆ ನಾನೇ ಹೇಳಿಕೊಂಡೆ.

ಅಂಗಳದಲ್ಲಿ ಯಜಮಾನರ ದನಿ ಏರಿತು. ಬೇರೆ ಮಾಲೀಕರು ಇಬ್ಬರು ಬಂದು ನಿಂತಿದ್ದರು.

"ಏನಯ್ಯಾ ಮೇಸ್ತ್ರಿ, ಎಣ್ಣೆ ಜೋಯ್ಸ! ಸರಿಯಾಗಿದ್ದ ಗಾಡೀನ ಸೀಸನ್ನಾಗೆ ಮಲಗಿಸ್ಬುಟ್ಟಲ್ಲಯ್ಯ. ಏನಾರ ಏಳು!"

ಹೇಳುತ್ತಾರೆಂದು ನಾನು ಬಾಗಿಲ ಚೌಕಟ್ಟು ಹಿಡಿದು ಕಾದೆ. ಮೇಸ್ತ್ರಿ ಒಮ್ಮೆ ಒಳಗೆ, ನಾನು ನಿಂತ ಕತ್ತಲೆಯ ಕಡೆ ನೋಡಿದರು.

"ತಪ್ಪು ನಂದೇ ಸಾ" ಎಂದರು. ಅಷ್ಟೇ.

ಎಂಜಿನ್ ಕೂಡಿಸಿ, ಸ್ಟಾರ್ಟ್ ಮಾಡಿ ತೋರಿಸಿ ಹೋದರು. ಲಾರಿ ಹಾಸನದ ವರ್ಕ್‌ಶಾಪಿನ ಪಾಲಾಯಿತು. ಎಣ್ಣೆ ಜೋಯಿಸ ಎಂಬ ಮಾತು ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೂ ಮುಟ್ಟಿತು. ಬರುತ್ತಿದ್ದ ಗಾಡಿಗಳು ಒಂದೊಂದಾಗಿ ನಿಂತವು. ವರ್ಷ ತುಂಬುವುದರೊಳಗೆ ಶೆಡ್ ಮುಚ್ಚಿ ಅರಕಲಗೂಡಿನ ಮಗಳ ಮನೆಗೆ ಹೋದರು.

ಒಮ್ಮೆ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ತರಕಾರಿ ಚೀಲ ಹಿಡಿದು ನಿಂತಿದ್ದರು.

"ಗಾಡಿ ಎಂಗದೆ ಅಮ್ಮಾವ್ರೆ?"

ಚೀಲ ಹಿಡಿದ ಅವರ ಕೈಗಳನ್ನೇ ನೋಡುತ್ತಿದ್ದೆ. ಹತ್ತೂ ಉಗುರು ಬೆಳ್ಳಗಿದ್ದವು.

"ಮೇಸ್ತ್ರಿ, ಆವತ್ತು ಆ ಬಾಟಲಿ..." ಎಂದು ಬಾಯಿ ತೆರೆದೆ.

"ನಿಮ್ ಬಸ್ ಬಂತು, ಅತ್ಕಳಿ. ಸೀಟು ಸಿಕ್ಕಾಕಿಲ್ಲ" ಎಂದರು. ನಾನು ಹತ್ತಿಕೊಂಡೆ. ಸೀಟೂ ಸಿಕ್ಕಿತು.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ತಿಥಿ ಮುಗಿದಿತ್ತು. ಮಗಳು ಕಾಫಿ ಕೊಟ್ಟು, ಗೂಡಿನಿಂದ ಒಂದು ಬಾಟಲಿ ತಂದು ನನ್ನ ಮುಂದಿಟ್ಟಳು. "ಅಪ್ಪ ಇದ್ನ ಯಾರ್ಗೂ ಮುಟ್ಟಾಕೆ ಬುಡ್ತಿರ್ಲಿಲ್ಲ. ಅಮ್ಮಾವ್ರು ಯಾವತ್ತಾರ ಬಂದ್ರೆ ಕೊಡು, ಅವ್ರದು ಅಂದಿದ್ರು. ಏನಿದು ಅಮ್ಮ?"

ಅವಳಿಗೂ ನಾನು ಹೇಳಲಿಲ್ಲ.

ಯಜಮಾನರು ಈಗಿಲ್ಲ, ಮೇಸ್ತ್ರಿಯದೇ ತಪ್ಪು ಎಂದು ನಂಬಿಕೊಂಡೇ ಹೋದರು. ಲಾರಿಯೂ ಇಲ್ಲ. ಆದರೂ ಹಿತ್ತಿಲಲ್ಲಿ ಲೋಟ ಉಜ್ಜುವಾಗ ಬೆನ್ನ ಹಿಂದೆ ಯಾರೋ ನಲ್ಲಿ ತಿರುಗಿಸದೆ ನಿಂತ ಹಾಗೆ ಆಗುತ್ತದೆ. ತಿರುಗಿ ನೋಡುತ್ತೇನೆ. ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿದೆ. ಮುಚ್ಚಳ ತಿರುಗಿಸಿದರೆ ಅದರ ಸುರುಳಿಗೆರೆಯಲ್ಲಿ ಬೂದಿ ಇನ್ನೂ ಬೆಳ್ಳಗೆ ಕೂತಿದೆ. ಕೆಲಸದವಳು ಮೊನ್ನೆ ಅದನ್ನೂ ಪಾತ್ರೆಗಳ ಜೊತೆ ಎತ್ತಿಕೊಂಡಾಗ ನಾನು ಕಿರುಚಿದ ರೀತಿಗೆ ಅವಳು ಹೆದರಿ ನಿಂತುಬಿಟ್ಟಳು.

ಜಗಲಿಯಲ್ಲಿ ಮೇಸ್ತ್ರಿ ಕೇಳಿದ ಪ್ರಶ್ನೆ ಇನ್ನೂ ಅಲ್ಲೇ ಇದೆ. ಇಷ್ಟು ಬರೆದದ್ದು ಅದಕ್ಕೆ ಉತ್ತರ ಕೊಡಲಿಕ್ಕೆ.

ತಾಕಿತ್ತು ಮೇಸ್ತ್ರಿ. ನಾನೇ ತೊಳೆದಿದ್ದೆ.