ಹುರುಳಿ ತೂರುವ ಫ್ಯಾನು

ನಮ್ಮನೆ ಸ್ಟ್ಯಾಂಡ್ ಫ್ಯಾನು ಮನುಷ್ಯರಿಗೆ ಬೀಸಿದ್ದಕ್ಕಿಂತ ಹುರುಳಿಗೆ ಬೀಸಿದ್ದೇ ಜಾಸ್ತಿ. ಗಾಳಿ ಬರಲಿ ಅಂತ ಮೊರ ಹಿಡಿದು ಕಣದಲ್ಲಿ ಕಾಯುವ ಕಾಲ ಹೋಯ್ತು. ಈಗ ಕಣವೂ ಇಲ್ಲ, ಮನೆ ಮುಂದಿನ ಸಿಮೆಂಟು ಅಂಗಳವೇ ಕಣ. ಕಿಟಕಿಯಿಂದ ವೈರು ಎಳೆದು ಫ್ಯಾನು ಹಾಕಿ, ಅದರ ಮುಂದೆ ಮೊರದಿಂದ ಸುರಿದರೆ ಕಾಳು ಕೆಳಗೆ ಬೀಳುತ್ತೆ, ಹೊಟ್ಟು ಬೀದಿಗೆ ಹೋಗುತ್ತೆ.

ಈ ಸಲ ಬಡಿದ ಹುರುಳಿಯನ್ನ ಗುಡ್ಡೆ ಹಾಕಿ ಸ್ವಿಚ್ಚು ಒತ್ತಿದೆ. ಫ್ಯಾನು ಗುಂಯ್ ಅಂತು. ರೆಕ್ಕೆ ಅಲ್ಲಾಡಲಿಲ್ಲ.

ಮಗ ಅಲ್ಲೇ ಬೈಕು ಒರೆಸುತ್ತಿದ್ದ. "ಕಾಯಿಲ್ ಸುಟ್ಟೋಗದೆ ಬುಡವ್ವ. ಸಂಜೆ ಗುಜರಿಯವ್ನು ಬತ್ತಾನೆ, ಆಕ್ಬುಡ್ತೀನಿ. ಮುಂದಿನ್ ವರ್ಸದಿಂದ ಈ ಉರುಳಿ ಗಿರುಳಿ ಬ್ಯಾಡ. ಅಂಗಡೀಲಿ ಸಿಗಕಿಲ್ವಾ?"

ಅವನ ಕಣ್ಣು ಫ್ಯಾನಿನ ಮೇಲಿರಲಿಲ್ಲ, ನಾನು ಹುರುಳಿ ಚೆಲ್ಲುವ ತುಂಡು ಹೊಲದ ಮೇಲಿತ್ತು. ಬೋರಿನ ನೀರನ್ನ ಅಲ್ಲಿಗೂ ಎಳೆದು ಕಬ್ಬು ಹಾಕಬೇಕು ಅಂತ ಅವನಿಗೆ. ಫ್ಯಾನು ಹೋದರೆ ತೂರೋದು ನಿಲ್ಲುತ್ತೆ. ತೂರೋದು ನಿಂತರೆ ಬಿತ್ತೋದೂ ನಿಂತ ಹಾಗೆ.

"ಸುಟ್ಟಿದ್ರೆ ವಾಸ್ನೆ ಬರ್ಬೇಕು ಕಣ್ಲಾ. ನಿನ್ ಮೂಗು ಎಲ್ಲಿಗೋಗದೆ?"

"ನೀನ್ಯಾವ್ ಕಾಲೇಜಲ್ ಓದ್ದೆ ಇದ್ನ?"

"ನೀನ್ ಓದಿ ಏನ್ ಕಡ್ದಾಕ್ದೆ? ಓಗು."

ನಗುತ್ತಾ ಬೈಕು ಹತ್ತಿ ಹೋದ. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅದಕ್ಕೂ ಇದಕ್ಕೂ ಏನು ಸಂಬಂಧ?

ಪ್ಲಗ್ಗು ಕಿತ್ತು ರೆಕ್ಕೆಯನ್ನ ಕೈಯಲ್ಲಿ ತಿರುಗಿಸಿ ನೋಡಿದೆ. ಕಲ್ಲಿನ ಹಾಗೆ ಬಿಗಿ. ಮುಂದಿನ ಜಾಲರಿ, ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಹುರುಳಿ ಹೊಟ್ಟು. ಕಿರ್ ಕಿರ್ ಅಂತಿದೆ ಅಂತ ಹೋದ ವರ್ಷ ಮಗ ತೆಂಗಿನೆಣ್ಣೆ ಬಿಟ್ಟಿದ್ದ. ಆ ಎಣ್ಣೆಗೆ ಹೊಟ್ಟು ಮೆತ್ತಿಕೊಂಡು, ಕಡ್ಡಿಯಲ್ಲಿ ಕೆರೆದರೂ ಬಿಡದಂಥ ಅಂಟಾಗಿತ್ತು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ತೆಗೆದು ಬಿಸಿಲಿಗಿಟ್ಟೆ.

ಸೊಸೆ ರವಿಕೆ ಹೊಲಿಯುತ್ತಾಳೆ. "ಅಮ್ಮಿ, ಮಿಸನ್ ಎಣ್ಣೆ ಕೊಡು" ಅಂದೆ.

"ಅತ್ತೆ, ಕರೆಂಟ್ ಒಡುದ್ರೆ ಊರೋರು ನನ್ನೇ ಅಂತಾರೆ."

"ಪ್ಲಗ್ಗು ಅಲ್ಲಿ ನೇತಾಡ್ತಾ ಅದೆ, ನೋಡು. ಊರೋರು ನಿನ್ನ ಅನ್ಲಿ ಅಂತ ನಾನು ಸಾಯ್ಬೇಕಾ? ತಗಂಡ್ ಬಾ."

ಎರಡು ತೊಟ್ಟು ಬಿಟ್ಟ ಮೇಲೆ ರೆಕ್ಕೆ ಒಂದು ಬೆರಳಿಗೇ ತಿರುಗಿತು. ಎಲ್ಲಾ ಮುಚ್ಚಿ, ಸ್ಕ್ರೂಗಳನ್ನ ಮೈಭಾರವೆಲ್ಲ ಹಾಕಿ ಬಿಗಿ ಮಾಡಿ, ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಮತ್ತೆ ಗುಂಯ್. ಸೊಸೆ ಅತ್ತ ತಿರುಗಿ ನಕ್ಕಳು. ಗುಜರಿಯವನಿಗೆ ನಾನೇ ಎತ್ತಿ ಬಿಸಾಕುವಷ್ಟು ಸಿಟ್ಟು ಬಂತು.

ಪ್ಲಗ್ಗು ಕಿತ್ತು ಮತ್ತೆ ಮುಟ್ಟಿ ನೋಡಿದೆ. ಮತ್ತೆ ಬಿಗಿ. ಮುಚ್ಚೋಕೆ ಮುಂಚೆ ಸರಾಗವಾಗಿದ್ದದ್ದು ಮುಚ್ಚಿದ ಮೇಲೆ ಬಿಗಿಯಾಗಿದೆ ಅಂದರೆ, ಕೆಟ್ಟಿರೋದು ಫ್ಯಾನಲ್ಲ, ನಾನು ಮುಚ್ಚಿದ ರೀತಿ. ಬೀಸುವ ಕಲ್ಲೂ ಹಾಗೇ. ನಡುವಿನ ಗೂಟ ಒಂದು ಕಡೆ ವಾಲಿದರೆ ಮೇಲಿನ ಕಲ್ಲು ಹಿಡಿದುಕೊಳ್ಳುತ್ತೆ. ಸ್ಕ್ರೂ ಎಲ್ಲಾ ಸಡಿಲ ಮಾಡಿ, ಅಡುಗೆಮನೆಯಿಂದ ಮುದ್ದೆ ಕೋಲು ತಂದು ಹಿಂದಿನಿಂದ ಮೆಲ್ಲಗೆ ತಟ್ಟಿದೆ.

"ಅಯ್ಯೋ, ಮುದ್ದೆ ಕೋಲು ಕಣತ್ತೆ!"

"ತೊಳುದ್ರೆ ಓಯ್ತದೆ."

ಇತ್ತ ಒಂಚೂರು, ಎದುರಿಗೆ ಒಂಚೂರು, ರೆಕ್ಕೆ ತಿರುಗಿಸಿ ನೋಡುತ್ತಾ ನೋಡುತ್ತಾ ಬಿಗಿ ಮಾಡಿದೆ. ಈ ಸಲ ಸ್ವಿಚ್ಚು ಒತ್ತಿದ್ದೇ ತಡ, ಸೊಸೆಯ ಸೆರಗು ಹಾರಿತು. ಒಂದು ಸಣ್ಣ ಹಲ್ಲಿನ ಚಕ್ರ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಎಲ್ಲಿಯದೋ ಏನೋ.

ಸಂಜೆ ಮಗ ಬರುವಾಗ ಅರ್ಧ ಗುಡ್ಡೆ ತೂರಿದ್ದೆ. ಬೈಕು ನಿಲ್ಲಿಸಿ ನೋಡುತ್ತಾ ನಿಂತ. ಹಾರಿದ ಹೊಟ್ಟು ಪೂರಾ ಅವನ ತಲೆ ಮೇಲೆ.

"ಕತ್ತೇ ತಿರುಗಿಸಕಿಲ್ವಲ್ಲವ್ವ ಇದು" ಅಂದ, ತಲೆ ಕೊಡವುತ್ತಾ.

"ಕತ್ ತಿರುಗ್ಸಿದ್ರೆ ಕಾಳು ಎತ್ತೆತ್ಲಾಗೋ ಓಯ್ತದೆ. ನಂಗೆ ನೆಟ್ಟಗೆ ನಿಂತ್ರೆ ಸಾಕು. ಅಲ್ಯಾಕ್ ನಿಂತಿದ್ದೀಯ, ಈ ಕಡೆ ಬಂದು ಮೊರ ತುಂಬ್ಕೊಡು."

ಬಂದು ತುಂಬಿಕೊಟ್ಟ. ಬೀದಿಯಲ್ಲಿ ಗುಜರಿಯವನು ಕೂಗುತ್ತಾ ಹೋದ, ಇಬ್ಬರೂ ಆ ಕಡೆ ನೋಡಲಿಲ್ಲ. ತೂರುವಾಗ ತೂಕದ ಕಾಳು ದೂರ ಹೋಗದೆ ಹತ್ತಿರವೇ ಬೀಳುತ್ತೆ. ಅದನ್ನ ಬೇರೆ ಬಳಿದು, ಬೂದಿ ಬೆರೆಸಿ, ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟೆ. ಅವನ ಕಣ್ಣೆದುರೇ ಇಟ್ಟೆ. ಅದು ತಿನ್ನೋಕಲ್ಲ, ಬಿತ್ತೋಕೆ.